ಆರು ಪದ, ಐದು ಅಂಕ

ಖಾಲಿ ಬೋಗುಣಿ.
ತಳದಲ್ಲೊಂದು ಹುರುಪೆ—
ಇಡೀ ಬೆಳಗು.

ಇಷ್ಟೇ ಪದ್ಯ. ಬರೆದವರ ಹೆಸರಿದ್ದ ಜಾಗ
ಜೆರಾಕ್ಸಿನ ಜೆರಾಕ್ಸಿನಲ್ಲಿ ಕಪ್ಪಾಗಿಹೋಗಿದೆ.
ಹನ್ನೊಂದು ವರ್ಷದಿಂದ ಕಾರವಾರದ ಈ ಕೋಣೆಯಲ್ಲಿ
ಕಡಲಿಗೆ ಬೆನ್ನು ಹಾಕಿ ನಿಂತು
ಇದನ್ನು ಕಲಿಸುತ್ತೇನೆ:
ಖಾಲಿ ಅಂದರೆ ಬಡತನ, ಬರೆದುಕೊಳ್ಳಿ.
ಹುರುಪೆ ಅಂದರೆ ಅಳಿದುಳಿದ ಆಸೆ.
ಅಡ್ಡಗೆರೆ ಅಂದರೆ, ಇಲ್ಲಿ ಒಮ್ಮೆ ಕೆಮ್ಮುತ್ತೇನೆ,
ಮೌನ.
ಕ್ರಿಯಾಪದವೇ ಇಲ್ಲ, ಗಮನಿಸಿ. ಬರೀ ಪ್ರತಿಮೆ.
ರೂಪಕ್ಕೆ ಎರಡು ಅಂಕ, ಅರ್ಥಕ್ಕೆ ಮೂರು.

ನಾನು ಸಿದ್ದಾಪುರದವನು. ಘಟ್ಟ ಇಳಿದು ಬಂದು
ಇಷ್ಟು ವರ್ಷವಾದರೂ ಮೀನುಪೇಟೆ ದಾಟುವಾಗ
ಉಸಿರು ಕಟ್ಟಿ ಸ್ಕೂಟರು ಓಡಿಸುವವನು.

ಶನಿವಾರ, ಮೊದಲ ಪಿರಿಯಡ್ಡು.
ಬೈತಖೋಲದ ಕಡೆ ಹೊರಟ ಮಂಜುಗಡ್ಡೆಯ ಲಾರಿ
ಗೇರು ಬದಲಿಸಿದ ಸದ್ದು.
ಎರಡನೇ ಬೆಂಚಿನ ಸುರೇಖಾ ದುರ್ಗೇಕರ
ಕೈ ಎತ್ತಲಿಲ್ಲ, ನೇರ ಕೇಳಿದಳು:
ಸರ್, ಹುರುಪೆ ಹಸಿಯೋ, ಒಣಗಿದ್ದೋ?

ಪದ್ಯದಲ್ಲಿ ಹೇಳಿಲ್ಲಮ್ಮ, ಅಂದೆ.

ಹೇಳಿದೆ ಸರ್. ಒಣಗಿದ್ದು ಹೊಳೆಯುವುದಿಲ್ಲ,
ಕತ್ತರಿಸಿ ಬಿಸಾಡಿದ ಉಗುರಿನ ಹಾಗಿರುತ್ತದೆ.
ಇದರಲ್ಲಿ ಇಡೀ ಬೆಳಗು ಕಾಣಿಸುತ್ತಿದೆ, ಅಂದರೆ ಹಸಿ.
ಹಸಿ ಅಂದರೆ ಇವತ್ತಿನದು.
ಇವತ್ತು ಮೀನಿತ್ತು, ಈಗ ಇಲ್ಲ.
ಮಾರಿಹೋಗಿದೆ ಸರ್!
ಬಡತನ ಎಲ್ಲಿಂದ ಬಂತು?
ಆ ಹೆಂಗಸಿನ ಸೊಂಟದ ಚೀಲದಲ್ಲಿ ದುಡ್ಡಿದೆ.

ಹಿಂದಿನಿಂದ ಮಿಂಗೇಲ: ತಾರ್ಲೆಯದೇ ಇರಬೇಕು ಸರ್,
ಸುಮ್ಮನೆ ಮುಟ್ಟಿದರೂ ಉದುರುತ್ತದೆ.
ಯಾರೋ ನಕ್ಕರು. ನಾನೂ ನಗಬೇಕು ಅಂದುಕೊಂಡೆ.

ಅವಳು ನಿಲ್ಲಿಸಲಿಲ್ಲ.
ಬೋಗುಣಿ ತಲೆಯ ಮೇಲಿದ್ದರೆ ತಳ ಯಾರಿಗೂ ಕಾಣುವುದಿಲ್ಲ.
ಮೊದಲನೇ ಸಾಲಿನಲ್ಲಿ ಅದು ಖಾಲಿ ಅಂತ
ಹೊತ್ತವಳ ಕುತ್ತಿಗೆಗೆ ಮಾತ್ರ ಗೊತ್ತು.
ಸಾಲು ಮುರಿದಲ್ಲಿ ಅದನ್ನು ಇಳಿಸಿದ್ದಾರೆ.
ಎರಡನೇ ಸಾಲಿಗೆ ಯಾರೋ ಬಗ್ಗಿದ್ದಾರೆ.

ತಿರುಗಿ ಹಲಗೆ ನೋಡಿದೆ.
‘ಬೋಗುಣಿ’ಯ ಮುಂದೆ ನಾನೇ ಹಾಕಿದ
ಸೀಮೆಸುಣ್ಣದ ಚುಕ್ಕೆ.
ಅಲ್ಯುಮಿನಿಯಂ ನೆಲಕ್ಕೆ ತಾಗಿದ ಠಣ್ ಅದು.
ಹನ್ನೊಂದು ವರ್ಷ
ನನಗೆ ಕೇಳಿಸಿರಲೇ ಇಲ್ಲ.

ಮತ್ತೆ ಕ್ರಿಯಾಪದ, ಅಂದವಳು ತಡೆದಳು,
ನನ್ನ ಮರ್ಯಾದೆ ಕಾಯುವವಳಂತೆ.
ಹೇಳು, ಅಂದೆ.
‘ಬೆಳಗು’ ಅಂದರೆ ಬೆಳಿಗ್ಗೆ ಮಾತ್ರವಾ ಸರ್?
ನಮ್ಮ ಆಯಿ ಪೇಟೆಯಿಂದ ಬಂದು, ಬೋಗುಣಿ ಇಳಿಸಿ,
ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ
ಕೊಂಕಣಿಯಲ್ಲಿ ನನಗೆ ಹೇಳುವುದು ಇದನ್ನೇ.
ನಾರು ತಗೋ. ಅಂಚು ಬಿಡಬೇಡ.
ಇಡೀ
ಬೆಳಗು.

ಕೋಣೆಯ ಫ್ಯಾನು ಒಂದೇ ಸಮ ಕಿರಿಗುಟ್ಟುತ್ತಿತ್ತು.
ಹನ್ನೊಂದು ವರ್ಷದ ನನ್ನ ಬೆಳ್ಳಿ ಸೂರ್ಯೋದಯ
ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಬಿದ್ದಿತ್ತು,
ಮತ್ತೆ, ವಿಚಿತ್ರವೆಂದರೆ, ಇನ್ನೂ ಹೊಳೆಯುತ್ತಿತ್ತು.

ಆದರೆ ಬೆಳಗಿದರೆ ಹುರುಪೆ ಹೋಗಿಬಿಡುತ್ತದಲ್ಲ?
ಮೇಷ್ಟ್ರ ಹಾಗಲ್ಲ, ಗೊತ್ತಿಲ್ಲದವನ ಹಾಗೆಯೇ ಕೇಳಿದೆ.

ಹೋಗುತ್ತದೆ.
ಅದಕ್ಕೇ ಅಡ್ಡಗೆರೆ ಸರ್.
ಆಯಿ ಬಾಯಿ ತೆರೆಯುವ ಮೊದಲಿನ ಹೊತ್ತು ಅದು.
ನೋಡಲಿಕ್ಕೆ
ಅಷ್ಟೇ ಸಿಗುತ್ತದೆ.

ಗಂಟೆ ಹೊಡೆಯಿತು. ಹಲಗೆ ಒರೆಸಿದೆ.
ಒತ್ತಿ ಎಳೆದಿದ್ದ ಅಡ್ಡಗೆರೆ ಪೂರ್ತಿ ಹೋಗಲಿಲ್ಲ.
ಎಲ್ಲರೂ ಹೋದ ಮೇಲೂ ಮಿಂಗೇಲ
ಬಾಗಿಲಲ್ಲೇ ನಿಂತಿದ್ದ, ಚೀಲ ಒಂದು ಹೆಗಲಿಗೆ ಹಾಕಿ:
ಅಲ್ಲ ಸರ್, ಪರೀಕ್ಷೆಯಲ್ಲಿ
ಬಡತನ ಅಂತಲೇ ಬರೆಯೋದಾ?